ತಾಯಿಯ ಎಡಗೆನ್ನೆ

ಉಳಿಯಣ್ಣನ ಹೆಬ್ಬೆರಳು ಸತ್ತು ಎಂಟು ತಿಂಗಳಾಗಿತ್ತು. ಸುದ್ದಿ ಗೊತ್ತಿದ್ದವರು ಇಬ್ಬರೇ, ನರದ ಡಾಕ್ಟರು ಮತ್ತು ಹೆಂಡತಿ. ಮೂವತ್ತೆಂಟು ವರ್ಷ ಉಳಿ, ಕೊಡತಿ ಹಿಡಿದ ಕೈಗಳಿಗೆ ಮೊದಲು ಜೋಮು ಹಿಡಿಯಿತು, ಆಮೇಲೆ ಬೆರಳುಗಳು ಒಂದೊಂದಾಗಿ ಮರಗಟ್ಟಿದವು. ಮರ ಕೆತ್ತುವವನ ಕೈ ಮರಗಟ್ಟಿತು ಅಂದರೆ ಯಾರು ತಾನೇ ನಗದೆ ಇರುತ್ತಾರೆ? ಅದಕ್ಕೇ ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದ.

ಮೈ ಕೆತ್ತಲು ಕಣ್ಣು ಸಾಕಿತ್ತು, ತೋಳಿಗೆ ಅಭ್ಯಾಸವಿತ್ತು. ಕಷ್ಟ ಬಂದದ್ದು ಮುಖಕ್ಕೆ. ದೇವರ ಮುಖವನ್ನು ಅವನು ಎಂದೂ ಮರಳು ಕಾಗದದಿಂದ ಉಜ್ಜಿದವನಲ್ಲ. ಕಣ್ಣು ಮುಚ್ಚಿ ಹೆಬ್ಬೆರಳನ್ನು ಹಣೆಯಿಂದ ಗಲ್ಲಕ್ಕೆ ಇಳಿಸುತ್ತ, ಇಳಿಸಿದ ಒಂದೊಂದು ಸಲಕ್ಕೂ ಒಮ್ಮೆ ದೇವರನ್ನು ನೆನೆಯುವುದು, ಬೆರಳು ತಡೆದ ಕಡೆ ಕಣ್ಣು ತೆರೆದು ಉಳಿಯಿಂದ ಕೂದಲೆಳೆಯಷ್ಟು ತೆಗೆಯುವುದು. ಹೀಗೆ ವಾರಗಟ್ಟಲೆ. ಕೆಲಸ ಯಾವುದು, ಪ್ರಾರ್ಥನೆ ಯಾವುದು ಎಂದು ಕೇಳಿದ್ದರೆ ಅವನು ತಬ್ಬಿಬ್ಬಾಗುತ್ತಿದ್ದ. ಈಗ ಬೆರಳು ಹೋದದ್ದೇ ತಡ, ಪ್ರಾರ್ಥನೆಯೂ ಅದರ ಬೆನ್ನಿಗೇ ಹೊರಟುಹೋಯಿತು. ಬಾಯಿ ನಾಮ ಹೇಳುತ್ತಿತ್ತು, ಒಳಗೆ ಏನೂ ಅಲುಗುತ್ತಿರಲಿಲ್ಲ. ದುಃಖವಾದರೂ ಬರಲಿ ಎಂದು ಕಾದು ನೋಡಿದ. ಅದೂ ಬರಲಿಲ್ಲ.

ಹೀಗಿರುವಾಗ ಹೊಸ ಪ್ರಾರ್ಥನಾ ಮಂದಿರಕ್ಕೆ ಆಳೆತ್ತರದ ತಾಯಿಯ ವಿಗ್ರಹ ಬೇಕು ಎಂದು ಸಮಿತಿಯವರು ಬಂದರು. ಅವನು ಒಪ್ಪಿಕೊಂಡ. ಇದೊಂದು ಮುಖವನ್ನು ಇನ್ನೊಬ್ಬರ ಕೈ ಸೋಕದಂತೆ ಮುಗಿಸಿದರೆ ತಾನಿನ್ನೂ ಕೆತ್ತನೆಯವನು, ಇಲ್ಲದಿದ್ದರೆ ಬರಿಯ ಕಟ್ಟಿಗೆ ಸೀಳುವವನು ಎಂದು ತನಗೆ ತಾನೇ ಪಂಥ ಕಟ್ಟಿಕೊಂಡಿದ್ದ.

ಮೈ ಮುಗಿದು ಮುಖಕ್ಕೆ ಬಂದ ದಿನ, ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಡತಿ ಎದ್ದು ಬಂದು ಬಾಗಿಲಲ್ಲಿ ನಿಂತಳು.

"ನಾನು ಮುಟ್ಟಿ ನೋಡಿ ಹೇಳ್ಲೇನ್ರೀ? ಎಲ್ಲಿ ತಡೆಯುತ್ತೆ ಅಂತ ಹೇಳಿದ್ರೆ ಸಾಕಲ್ಲ, ಕೆತ್ತೋರು ನೀವೇ."

"ಗುಂಡಿ ಹೊಲಿಯೋ ಕೈಗೆ ದೇವ್ರ ಮುಖ ಏನ್ ಗೊತ್ತಾಗುತ್ತೆ? ಹೋಗು, ನಿನ್ ಕೆಲ್ಸ ನೋಡ್ಕೋ."

ಅವಳು ಮುಂದಿನ ಕೋಣೆಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊಲಿಗೆ ಯಂತ್ರದ ಸದ್ದು ಶುರುವಾಯಿತು. ಅಂದಿನಿಂದ ಅವಳು ಆ ಕೋಣೆಗೆ ಕಾಲಿಡಲಿಲ್ಲ, ಊಟದ ತಟ್ಟೆಯನ್ನೂ ಹೊಸ್ತಿಲ ಆಚೆಗೇ ಇಡತೊಡಗಿದಳು. ಆಡಬಾರದ ಮಾತು ಆಡಿದೆ ಎಂದು ಅವನಿಗೂ ಗೊತ್ತಾಯಿತು. ಆದರೆ ಗೊತ್ತಾಯಿತು ಅಷ್ಟೇ, ನೋವಾಗಲಿಲ್ಲ.

ಅವನು ಮಣಿಕಟ್ಟು ಒತ್ತಿ ನೋಡಿದ, ಕೆನ್ನೆ ಒತ್ತಿ ನೋಡಿದ, ಗಡ್ಡ ಅಡ್ಡ ಬಂತು. ಕೊನೆಗೆ ತುಟಿ ಇಟ್ಟ. ಮೂಗಿನ ಪಕ್ಕದ ಒಂದು ಗೀರು, ಅನ್ನದಲ್ಲಿ ಕೂದಲು ಸಿಕ್ಕಿದ ಹಾಗೆ, ಥಟ್ಟನೆ ಸಿಕ್ಕಿತು. ಅಲ್ಲಿಂದ ನಾಲ್ಕು ವಾರ ಉಳಿ ಹಿಡಿದುಕೊಂಡೇ ತಾಯಿಯ ಹಣೆ, ರೆಪ್ಪೆ, ಕೆನ್ನೆಗಳ ಮೇಲೆ ತುಟಿ ಎಳೆಯುತ್ತ ಹೋದ. ಭಕ್ತಿ ಎಳ್ಳಷ್ಟೂ ಇರಲಿಲ್ಲ. ಇಲ್ಲಿ ನುಣುಪು, ಇಲ್ಲಿ ತಡೆ, ಬಾಯಲ್ಲಿ ಮರದ ಒಗರು, ಇಷ್ಟೇ.

ಹೀಗಿರುವಾಗಲೇ ಒಂದು ಮಧ್ಯಾಹ್ನ ಸಮಿತಿಯ ಅಧ್ಯಕ್ಷರು ಹೇಳದೆ ಕೇಳದೆ ಬಂದರು. ಭಾಷಣವೆಂದರೆ ಊಟ ಬಿಡುವ ಮನುಷ್ಯ, ಬಾಗಿಲಲ್ಲೇ ಮೂಕರಾಗಿ ನಿಂತರು. ಉಳಿಯಣ್ಣ ತಿರುಗಿದಾಗ ಅವರ ಕಣ್ಣಲ್ಲಿ ನೀರು.

"ಇಂಥಾ ಪ್ರೀತಿ ನಾನು ನೋಡೇ ಇಲ್ಲ ಕಣಯ್ಯಾ," ಎಂದರು.

"ಗೀರು ಹುಡುಕ್ತಿದ್ದೆ ಸಾರ್."

"ಅಬ್ಬಾ, ಏನು ವಿನಯ!"

ನಿಜ ಹೇಳಿದರೂ ಹೊಗಳುವವರ ಎದುರು ಯಾರು ತಾನೇ ಏನು ಮಾಡಿಯಾರು? ಅವನು ಮತ್ತೆ ಗೀರಿನ ಕಡೆ ತಿರುಗಿದ.

ವಿಗ್ರಹ ನಿಲ್ಲಿಸಿದ ದಿನ ಅಧ್ಯಕ್ಷರು ಕಂಡದ್ದಕ್ಕೆ ರೆಕ್ಕೆ ಪುಕ್ಕ ಕಟ್ಟಿ ಮುಕ್ಕಾಲು ಗಂಟೆ ಮಾತಾಡಿದರು. ಕೇಳಿದ ಜನ ಎದ್ದು ಸಾಲಾಗಿ ನಿಂತು, ಒಬ್ಬೊಬ್ಬರೇ ತಾಯಿಯ ಎಡಗೆನ್ನೆಗೆ ತುಟಿ ತಾಗಿಸತೊಡಗಿದರು. ಕೆಲವರು ಬಿಕ್ಕಿ ಬಿಕ್ಕಿ ಅತ್ತರು. ಉಳಿಯಣ್ಣ ಕಂಬಕ್ಕೆ ಒರಗಿ, ಯಾರದೋ ಮನೆಯ ಕಾರ್ಯಕ್ಕೆ ಬಂದವನಂತೆ ನೋಡುತ್ತಿದ್ದ. ಅಂತೂ ಒಬ್ಬನೇ ಮುಗಿಸಿದೆ, ಅಷ್ಟು ಸಾಕು ಎಂದುಕೊಂಡ.

ಸಾಲಿನಲ್ಲಿ ಹೆಂಡತಿಯೂ ಇದ್ದಳು. ಅವಳ ಸರದಿ ಬಂತು. ಅವಳು ತುಟಿ ತಾಗಿಸಲಿಲ್ಲ. ಕಣ್ಣು ಮುಚ್ಚಿ ಹೆಬ್ಬೆರಳನ್ನು ಹಣೆಯ ಮೇಲಿಟ್ಟು ನಿಧಾನವಾಗಿ ಕೆಳಗಿಳಿಸಿದಳು. ಬೆರಳು ಕೆನ್ನೆಯ ಮೇಲೆ ನಿಂತಿತು. ಹಿಂದಕ್ಕೆ ಹೋಗಿ, ಮತ್ತೆ ಬಂದು, ಅಲ್ಲೇ ನಿಂತಿತು. ಆಮೇಲೆ ಅವಳು ಬಂದು ಅವನ ಪಕ್ಕ ನಿಂತಳು.

"ಎಡಗೆನ್ನೇಲಿ ಒಂದು ಏಣು ಉಳ್ಕೊಂಡಿದೆ ಕಣ್ರೀ. ಅಕ್ಕಿಕಾಳಷ್ಟುದ್ದ."

"ಇರೋದಕ್ಕೆ ಸಾಧ್ಯಾನೇ ಇಲ್ಲ. ಅಲ್ಲಿ ನಾಲ್ಕು ಸಲ ನೋಡಿದ್ದೀನಿ."

"ಯಾವಾಗ ನೋಡಿದ್ದು?"

"ಕೊನೇ ವಾರ."

ಅವಳು ಅವನ ತುಟಿಗಳನ್ನೇ ನೋಡಿದಳು.

ಅವನು ಸಾಲು ಸೀಳಿಕೊಂಡು ಹೋದ. ಜನ ಗೌರವದಿಂದ ದಾರಿ ಬಿಟ್ಟರು. ಕೆನ್ನೆಯ ಮೇಲೆ ತುಟಿ ಒತ್ತಿದ, ಎಳೆದ, ಇನ್ನೂ ಗಟ್ಟಿಯಾಗಿ ಒತ್ತಿದ. ಏಣು ಹಾಗಿರಲಿ, ಮರವೇ ಸಿಗಲಿಲ್ಲ. ತಣ್ಣಗಿದೆಯೋ ಬೆಚ್ಚಗಿದೆಯೋ ತಿಳಿಯಲಿಲ್ಲ. ಬೆರಳು ಸತ್ತ ಮೇಲೆ ಮೊದಲ ಬಾರಿಗೆ ಅವನಿಗೆ ಹೆದರಿಕೆಯಾಯಿತು.

"ನೋಡ್ರಪ್ಪ, ತಾಯೀನ ಬಿಟ್ಟು ಹೋಗೋಕೆ ಮನಸ್ಸೇ ಬರ್ತಿಲ್ಲ," ಎಂದು ಹಿಂದೆ ಅಧ್ಯಕ್ಷರ ಧ್ವನಿ ನಡುಗಿತು.

ಹೆಂಡತಿ ಬಂದು ಪಕ್ಕದಲ್ಲಿ ನಿಂತಿದ್ದಳು.

"ಎಲ್ಲಿದೆ, ತೋರ್ಸು," ಎಂದ. "ನಾಳೆ ಉಳಿ ತರ್ತೀನಿ. ನೀನೂ ಬಾ."

"ಬರ್ತೀನಿ. ಈಗ ನಡೀರಿ, ಜನ ಕಾಯ್ತಿದ್ದಾರೆ."

ಅವಳು ಅವನ ಕೈ ಹಿಡಿದುಕೊಂಡಳು. ತಲೆ ಬಗ್ಗಿಸಿ ನೋಡಿದ ಮೇಲಷ್ಟೇ ಅವನಿಗೆ ಅದು ಗೊತ್ತಾಯಿತು.