ಬೇರೆ ಲೋಟ

“ಲೋಟದಿಂದ ಬರುವುದಿಲ್ಲ ಭಾಯಿ,” ಎಂದು ಜಯಂತಿಬೆನ್ ಮೂರನೆಯ ಸಲ ಹಿಂದಿಯಲ್ಲಿ ಹೇಳಿದಳು.

ವಡೋದರದ ಸರಕಾರಿ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಗೆ ಬಂದವರಿಗೆ ತಿಳಿವಳಿಕೆ ಹೇಳುವ ಕೆಲಸ ಅವಳದು. ಭರತೇಶ ಕೈಯಲ್ಲಿದ್ದ ಚೀಟಿಯನ್ನೇ ನೋಡುತ್ತಿದ್ದ. ಎಚ್‌ಐವಿ ಇಲ್ಲ ಎಂದಿತ್ತು. ಎಂಜಲಿನಿಂದ ಬರುವುದಿಲ್ಲ, ಮುತ್ತಿನಿಂದ ಬರುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ ಎಂದು ಅವಳು ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದಳು. ಕಾಂಡೋಮ್ ಇಲ್ಲದೆ ಕೂಡಿದ್ದೊಂದೇ ಭಯಪಡಬೇಕಾದ ಸಂಗತಿ. ಮೂರು ತಿಂಗಳು ದಾಟಿದ ಮೇಲಿನ ಈ ಪರೀಕ್ಷೆ ಅದನ್ನೂ ಮುಗಿಸಿತ್ತು. ನೆಮ್ಮದಿಯಾಗಿ ಹೋಗಿ ಊಟ ಮಾಡಿ ಎಂದು ಮುಂದಿನವರನ್ನು ಕರೆದಳು.

ಅವನಿಗೆ ಇದೆಲ್ಲ ಗೊತ್ತಿರಲಿಲ್ಲವೆಂದಲ್ಲ. ಗೋರ್ವಾದ ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಯಾವ ಸೂಕ್ಷ್ಮಾಣು ಎಲ್ಲಿ ಬದುಕುತ್ತದೆ, ಎಲ್ಲಿ ಸಾಯುತ್ತದೆ ಎಂದು ಹೊಸಬರಿಗೆ ಪಾಠ ಹೇಳುವವನೇ ಅವನು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಗಗನಾಳ ಜೊತೆ ಕಳೆದದ್ದು ಒಂದೇ ಮಧ್ಯಾಹ್ನ. ತರಬೇತಿಗೆಂದು ಅಹಮದಾಬಾದಿಗೆ ಹೋದಾಗ ಪಕ್ಕದ ಕುರ್ಚಿಯಲ್ಲಿ ಕನ್ನಡ ಮಾತಾಡುವವಳು ಸಿಕ್ಕಿದ್ದಳು. ವಸ್ತ್ರಾಪುರದ ಅವಳ ಫ್ಲ್ಯಾಟಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಏನೂ ಕೇಳಲಿಲ್ಲ. ತಿಂಗಳು ಕಳೆದು ಅವನು ಕಳಿಸಿದ ಮೊದಲ ಸಂದೇಶ, ಟೆಸ್ಟ್ ಮಾಡಿಸಿದ್ದೀಯಾ ಎಂದು. ಅವಳು ವರದಿಯ ಚಿತ್ರ ಕಳಿಸಿದಳು, ಜೊತೆಗೆ ಒಂದಕ್ಷರವಿಲ್ಲ. ಅವಳಿಗೂ ಏನೂ ಇರಲಿಲ್ಲ. ಅವನು ಚಿತ್ರವನ್ನು ದೊಡ್ಡದು ಮಾಡಿ ತಾರೀಖು ನೋಡಿದ. ನಾಚಿಕೆಯಾಯಿತು. ಆದರೂ ಇನ್ನೊಮ್ಮೆ ನೋಡಿದ.

ಆಸ್ಪತ್ರೆಯಿಂದ ಅವನ ಸ್ಕೂಟರು ಮಂಜಲ್‌ಪುರಕ್ಕೆ ತಿರುಗಿತು. ರಘುರಾಮರ ಉಡುಪಿ ಹೋಟೆಲಿನ ಹಿಂದಿನ ಕೋಣೆಯಲ್ಲಿ, ಮನೆಯವರ ಪಂಕ್ತಿಯಲ್ಲಿ, ಮೂರು ವರ್ಷದಿಂದ ಅವನ ಊಟ. ಮೊಮ್ಮಗಳು ಪ್ರತೀಕ್ಷಾ ಅವನ ತೊಡೆಗೆ ಒರಗಿ, ಅವನ ಲೋಟದ ಮಜ್ಜಿಗೆ ಅರ್ಧ ಕುಡಿದು ಉಳಿದದ್ದನ್ನು ಅವನಿಗೆ ಕೊಡುತ್ತಿದ್ದಳು. ಈ ಊರಿನಲ್ಲಿ ಅವನನ್ನು ಸುಮ್ಮಸುಮ್ಮನೆ ಮುಟ್ಟುತ್ತಿದ್ದದ್ದು ಆ ಮಗು ಒಂದೇ. ಮೂರು ತಿಂಗಳ ಹಿಂದೆ ಅವನು ಅವಳ ಬಾಯಿಂದ ಲೋಟ ಕಿತ್ತುಕೊಂಡಿದ್ದ. ಮರುದಿನ ಅಮ್ಮ ಅವನ ಹೆಸರು ಕೊರೆಸಿ ಕೊಟ್ಟಿದ್ದ ಸ್ಟೀಲ್ ಲೋಟ ತಂದಿಟ್ಟ. ಕೇಳಿದವರಿಗೆ ಸುಮ್ಮನೆ ಎಂದ. ಉಣ್ಣುವ ಮೊದಲೂ ಆಮೇಲೂ ಪ್ರಯೋಗಾಲಯದವನಂತೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯತೊಡಗಿದ.

ಇವತ್ತು ಆ ಲೋಟವನ್ನು ರೂಮಿಗೆ ಒಯ್ಯಬೇಕು. ಮಗು ಮೊದಲಿನಂತೆ ಅವನ ಮಜ್ಜಿಗೆ ಕುಡಿಯಬೇಕು. ಅವನಿಗೆ ಬೇಕಾದದ್ದು ಅಷ್ಟೇ.

ಹೋಟೆಲಿನ ಲೋಟಕ್ಕೆ ಕೈಹಾಕಿದ. ರಘುರಾಮರ ಹೆಂಡತಿ ಸರಸ್ವತಿಯಕ್ಕ ಅದನ್ನು ಮೆಲ್ಲಗೆ ಈಚೆ ತೆಗೆದುಕೊಂಡರು.

“ಬೇಡ ಮಾರಾಯ್ರೆ, ನಮ್ಮಿಂದ ನಿಮ್ಮ ವ್ರತ ಕೆಡಬಾರದು.”

“ಯಾವ ವ್ರತ?”

“ನೀವು ಜೈನರು ಅಲ್ವಾ. ಇಲ್ಲಿಯ ಜೈನರನ್ನು ನೋಡಿ ನೀವೂ ಎಂಜಲು ಮುಟ್ಟದ ವ್ರತ ಹಿಡಿದದ್ದು ಅಂತ ಇವರು ಹೇಳಿದ್ರು. ಒಳ್ಳೆಯದೇ. ನಿಮ್ಮ ಲೋಟ ನಾನು ಬೇರೆಯೇ ತೊಳೆಯುವುದು. ಮಗುವಿಗೂ ಹೇಳಿಟ್ಟಿದ್ದೇನೆ.”

ದೇವರ ಪಟದ ಕೆಳಗಿನ ಗೂಡಿನಲ್ಲಿ ಅವನ ಲೋಟ ಬೋರಲಾಗಿ ಕುಳಿತಿತ್ತು. ಅಲ್ಲ ಎಂದರೆ ಮತ್ತೇನು ಎಂದು ಹೇಳಬೇಕಾಗುತ್ತದೆ. ಜೇಬಿನ ಚೀಟಿ ಜಯಂತಿಬೆನ್‌ಗೆ ಸಾಕು, ಈ ಮನೆಗೆ ಸಾಲದು.

“ಮುಗೀತು ಅಕ್ಕ,” ಎಂದ.

“ಹೌದಾ? ಹಾಗಾದ್ರೆ ಕುಡಿಯಿರಿ,” ಎಂದು ಸಂತೋಷದಿಂದ ಹೋಟೆಲಿನ ಲೋಟಕ್ಕೇ ಮಜ್ಜಿಗೆ ಬಗ್ಗಿಸಿದರು.

ಬಾಗಿಲಲ್ಲಿ ಪ್ರತೀಕ್ಷಾ ನಿಂತಿದ್ದಳು. ಅವನು ತಾನು ಕುಡಿಯದೆ ಲೋಟವನ್ನು ಅವಳ ಕಡೆ ಚಾಚಿದ. ಅವಳು ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡಳು.

“ನಾ ಅಂಕಲ್. ಪಾಪ ಲಾಗೇ.” ಬೇಡ, ಪಾಪ ತಗಲುತ್ತದೆ ಎಂದು ಗುಜರಾತಿಯಲ್ಲಿ ಹೇಳಿದಳು.

ವ್ರತ ಮುಗಿಯಿತಂತೆ, ಕುಡಿ ಎಂದು ಅಜ್ಜಿಯೂ ಹೇಳಿದರು. ಅವಳು ತಲೆಯಾಡಿಸಿದಳು. ತಪ್ಪು ಮಾಡಿದವನನ್ನು ತಿದ್ದುವಂತೆ ಗೂಡಿನ ಹತ್ತಿರ ಹೋಗಿ, ಫ್ರಾಕಿನ ಅಂಚನ್ನು ಕೈಗೆ ಸುತ್ತಿಕೊಂಡು ಅವನ ಲೋಟ ಎತ್ತಿ ತಂದು, ಹೆಸರು ಅವನಿಗೆ ಕಾಣುವಂತೆ ಮುಂದಿಟ್ಟಳು. ಸರಸ್ವತಿಯಕ್ಕ ನಕ್ಕುಬಿಟ್ಟರು.

ಮಗು ನಲ್ಲಿಯ ಕಡೆ ಹೋಯಿತು. ಸೋಪು ತೆಗೆದುಕೊಂಡು ಅಂಗೈ, ಬೆರಳ ಸಂದು, ಮಣಿಕಟ್ಟು, ಆಮೇಲೆ ಮೊಣಕೈವರೆಗೆ, ಒಂದನ್ನೂ ಬಿಡದೆ ಅವನು ತೊಳೆಯುವಂತೆಯೇ ತೊಳೆದುಕೊಳ್ಳತೊಡಗಿತು.