ಗುಡ್ಡದ ಮೇಲಿನ ಗರಿಕೆ

"ಯಾರು ತಂದು ಹಾಕಿದರು ಇದನ್ನು ಇಲ್ಲಿ?"

ಗುನಿಲ್ಲಾ ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಮಂಡಿಯೂರಿ ಕೂತು, ಕೈಯಲ್ಲಿದ್ದ ಬೇರಿನ ಎಳೆಯನ್ನೇ ನೋಡುತ್ತ ಸ್ವೀಡಿಷ್‌ನಲ್ಲಿ ತನ್ನಷ್ಟಕ್ಕೆ ಅಂದುಕೊಂಡಳು. ಅಲ್ಲೇ ಪಕ್ಕದಲ್ಲಿ ಮಣ್ಣು ಬಗೆಯುತ್ತಿದ್ದ ಮಾಲತಿಯ ಕೈ ನಿಂತುಹೋಯಿತು.

ಕಿಸ್ಟಾ ಬಡಾವಣೆಯ ಫ್ಲ್ಯಾಟುಗಳ ಹಿಂದಿನ ಇಳಿಜಾರು ಅದು. ಒಣ ನೆಲ, ಬಡ ಮಣ್ಣು, ಗಿಡ್ಡ ಹುಲ್ಲು. ಅದರ ನಡುವೆ ಏಪ್ರಿಲ್ ಕೊನೆಗೆ ಮೈತುಂಬ ನವಿರು ರೋಮದ ನೇರಳೆ ಹೂಗಳು ತಲೆ ತಗ್ಗಿಸಿ ನಿಲ್ಲುತ್ತವೆ. ಅವನ್ನು ಕೀಳುವಂತಿಲ್ಲ, ಅಲ್ಲಿ ಏನನ್ನೂ ನೆಡುವಂತಿಲ್ಲ, ರಕ್ಷಿತ ನೆಲ. ಅದನ್ನು ನೋಡಿಕೊಳ್ಳುವ ಸಂಘಕ್ಕೆ ನಿವೃತ್ತ ಶಿಕ್ಷಕಿ ಗುನಿಲ್ಲಾ ಮುಂದಾಳು. ಸ್ವೀಡಿಷ್ ಮಾತಾಡಿ ರೂಢಿಯಾಗಲಿ ಎಂದು ಮಾಲತಿ ಹೋದ ವರ್ಷ ಸಂಘ ಸೇರಿದ್ದಳು.

ಈ ವಸಂತದಲ್ಲಿ ಬೇರೊಂದು ಹುಲ್ಲು ಹೂಗಳ ಬುಡಕ್ಕೆ ನುಗ್ಗಿತ್ತು. ನೆಲದಡಿ ಬಿಳಿ ಹುರಿಯಂತೆ ಹರಿಯುವ ಬೇರು, ಗಿಣ್ಣಿಗೊಂದು ಮೊಳಕೆ. ತುಂಡು ಮಾಡಿದರೆ ತುಂಡುಗಳೆಲ್ಲ ಬದುಕುತ್ತವೆ. ಹೊಲಗಳಲ್ಲಿ ಅದು ಮಾಮೂಲಿ ಕಳೆ. ಈ ಗುಡ್ಡಕ್ಕೆ ಹೇಗೆ ಬಂತೆಂಬುದೇ ಯಾರಿಗೂ ತಿಳಿದಿರಲಿಲ್ಲ.

"ಮಾಲತಕ್ಕಾ, ಇದು ನಿಮ್ ಬಾಲ್ಕನಿ ಗರಿಕೆ ಥರಾನೇ ಇದೆಯಲ್ರೀ!" ಜತೆಗೆ ಬಂದಿದ್ದ ನೆರೆಮನೆಯ ನಿವೇದಿತಾ ಕನ್ನಡದಲ್ಲಿ ನಕ್ಕಳು. "ನಿಮ್ ಗಣಪತಿ ಏನಾದ್ರೂ ಈ ಕಡೆ ವಾಕಿಂಗ್ ಬಂದಿದ್ನಾ?"

"ಸುಮ್ನಿರೇ ನೀನು."

"ಏನಂತೆ?" ಗುನಿಲ್ಲಾ ತಲೆಯೆತ್ತಿದಳು.

"ಏನಿಲ್ಲ. ತಮಾಷೆ ಮಾಡ್ತಿದಾಳೆ," ಎಂದಳು ಮಾಲತಿ. ತನ್ನ ದನಿ ತನಗೇ ಬೇರೆಯವರದ್ದೆನಿಸಿತು.

ಈ ದೇಶದಲ್ಲಿ ಗರಿಕೆ ಸಿಗುವುದಿಲ್ಲ. ಬಂದ ಮೊದಲ ವರ್ಷ ರೈಲು ಹಳಿಯ ಪಕ್ಕ ಅದರಂತೆಯೇ ಹಬ್ಬುವ ಹುಲ್ಲು ಕಂಡಾಗ ಮಾಲತಿಗೆ ದೇವರೇ ದಾರಿ ತೋರಿಸಿದನೆನಿಸಿತ್ತು. ಬೇರುಸಹಿತ ತಂದು ಬಾಲ್ಕನಿಯ ಪೆಟ್ಟಿಗೆಯಲ್ಲಿ ನೆಟ್ಟಳು. ಸಂಕಷ್ಟಿಗೆ ಕುಡಿ ಏರಿಸಿದಳು. ಪೆಟ್ಟಿಗೆ ತುಂಬಿದಾಗ ಹೆಚ್ಚಾದ ಬೇರುಗಳನ್ನು ನಿರ್ಮಾಲ್ಯದ ಜತೆ ಕಟ್ಟಿ, ಯಾರೂ ತುಳಿಯದ ಜಾಗ ಹುಡುಕಿ ಈ ಬಂಡೆಗಳ ಸಂದಿಯಲ್ಲಿಟ್ಟಳು. ದೇವರ ಹುಲ್ಲನ್ನು ಮೀನಿನ ಮುಳ್ಳು ಬೀಳುವ ಕಸದ ಡಬ್ಬಿಗೆ ಹಾಕುವುದುಂಟೇ? ಒಂದೇ ಕಡೆ ರಾಶಿಯಾಗಬಾರದೆಂದು ಪ್ರತಿಸಲ ಹೊಸ ಬಂಡೆ ನೋಡುತ್ತಿದ್ದಳು. ಕೈಮುಗಿದು ಹಿಂದಿರುಗುತ್ತಿದ್ದಳು.

ಫೀಕಾಕ್ಕೆ, ಅಲ್ಲಿನವರ ಕಾಫಿ ಬಿಡುವಿಗೆ, ಎಲ್ಲರೂ ಬಂಡೆಯ ಮೇಲೆ ಕೂತರು. ಗುನಿಲ್ಲಾ ಕಾಫಿ ಬಗ್ಗಿಸುತ್ತ ಹೇಳಿದಳು: "ನಾಳೆ ನಗರಸಭೆಯವರು ಬರುತ್ತಾರೆ. ಇಡೀ ಇಳಿಜಾರಿಗೆ ಕಪ್ಪು ಟಾರ್ಪಾಲು ಹೊದಿಸುತ್ತಾರಂತೆ, ಎರಡು ಬೇಸಿಗೆ. ಬೆಳಕಿಲ್ಲದೆ ಬೇರು ಸಾಯುತ್ತದೆ."

"ಹೂಗಳ ಗತಿ?" ಎಂದಳು ಮಾಲತಿ.

"ಹೂವೂ ಸಾಯುತ್ತದೆ. ಎಲ್ಲೆಲ್ಲಿ ಶುರುವಾಯಿತೆಂದು ಗೊತ್ತಿದ್ದರೆ ಅಷ್ಟನ್ನೇ ಅಗೆದು ತೆಗೆಯಬಹುದಿತ್ತು."

"ಯಾರೋ ನೆಟ್ಟಿದ್ದರೆ? ಅವರಿಗೆ ಏನು ಮಾಡ್ತಾರೆ?"

"ಪೊಲೀಸಿಗೆ ಹೇಳಬೇಕಾಗುತ್ತದೆ," ಎಂದಳು ಗುನಿಲ್ಲಾ, ಬಿಸ್ಕತ್ತಿನ ಡಬ್ಬಿ ಮುಂದೆ ಮಾಡುತ್ತ.

ಮಾಲತಿ ಬಿಸ್ಕತ್ತನ್ನು ಬಂಡೆಯ ಮೇಲಿಟ್ಟಳು. ಮರದ ಮರೆಗೆ ಹೋಗಿ ಗಂಡನಿಗೆ ಫೋನ್ ಮಾಡಿದಳು.

ಮಹಾಬಲೇಶ್ವರ ಪೂರ್ತಿ ಕೇಳಿಸಿಕೊಂಡ. ಆಮೇಲೆ ದನಿ ಇಳಿಸಿ, ಮನೆಯಲ್ಲಿ ಒಬ್ಬನೇ ಇದ್ದರೂ ಯಾರೋ ಕೇಳುತ್ತಿರುವಂತೆ ಹೇಳಿದ: "ನಮ್ ಪರ್ಮಿಟ್ ರಿನ್ಯೂವಲ್ ಇನ್ನೂ ಇಮಿಗ್ರೇಶನ್‌ನವರ ಟೇಬಲ್ ಮೇಲಿದೆ ಮಾರಾಯ್ತಿ. ಅದ್ರಲ್ಲಿ ಪೊಲೀಸ್ ಅಂತ ಒಂದು ಪದ ಸೇರ್ಕೊಂಡ್ರೆ ಗಂಟುಮೂಟೆ ಕಟ್ಟೋದೇ. ಬಾಯಿ ಮುಚ್ಕೊಂಡು ಮನೆಗೆ ಬಾ."

"ಹೂವೆಲ್ಲ ಸಾಯ್ತವೆ ರೀ."

"ಹೂವು ನಮಗೆ ವೀಸಾ ಕೊಡತ್ತಾ?"

ಮಾಲತಿ ಫೋನ್ ಇಟ್ಟಳು. ಕಾಲ ಬುಡದಲ್ಲಿ ಹುಲ್ಲು ಗಾಳಿಗೆ ಅಲುಗಿತು. ಅದರ ಬಿಳಿ ಹುರಿಗಳು ನೆಲದಡಿ ಈಗಲೂ ಹರಿಯುತ್ತಿವೆ, ತನ್ನ ಬಾಗಿಲ ತನಕ ಬರುತ್ತಿವೆ ಎನಿಸಿತು. ಹೇಳಿದರೆ ಮನೆ ಹೋಗುತ್ತದೆ. ಹೇಳದಿದ್ದರೆ, ದೇವರ ಹೆಸರಲ್ಲಿ ಇಟ್ಟದ್ದು ಈ ಗುಡ್ಡವನ್ನೇ ನುಂಗುತ್ತದೆ. ಗಣಪನನ್ನು ನೆನೆಯಹೋದಳು, ಇಷ್ಟು ವರ್ಷ ಬಾಯಿಗೆ ತಾನಾಗಿ ಬರುತ್ತಿದ್ದ ಸಾಲು ಮೊದಲ ಪದಕ್ಕೇ ನಿಂತಿತು.

ಎಲ್ಲರೂ ಸಲಿಕೆ ಒರೆಸಿ ಹೊರಡುವವರೆಗೆ ಕಾದಳು. ನಂತರ ಗುನಿಲ್ಲಾಳ ತೋಳು ಮುಟ್ಟಿದಳು.

"ನಾನು ತೋರಿಸ್ತೀನಿ. ಎಲ್ಲೆಲ್ಲಿ ಅಂತ."

ಗುನಿಲ್ಲಾ ಗುರುತಿನ ಕಡ್ಡಿಗಳ ಕಟ್ಟು ಎತ್ತಿಕೊಂಡು ಹಿಂದೆ ಬಂದಳು. ಈ ಬಂಡೆ, ಆ ಬಂಡೆ, ಬರ್ಚ್ ಮರದ ಬುಡ, ಕೆಳಗಿನ ಸಂದಿ. ಮಾಲತಿ ಬೆರಳು ತೋರಿಸಿದಲ್ಲೆಲ್ಲ ಗುನಿಲ್ಲಾ ಕಡ್ಡಿ ಊರಿದಳು. ಪೂಜೆ, ನಿರ್ಮಾಲ್ಯ, ತುಳಿಯಬಾರದ್ದು, ಎಲ್ಲವನ್ನೂ ಮಾಲತಿ ಹರಕು ಸ್ವೀಡಿಷ್‌ನಲ್ಲಿ ಹೇಳಿದಳು. ಗುನಿಲ್ಲಾ ತಲೆಯಾಡಿಸುತ್ತ ಕೇಳಿದಳು. ಕೊನೆಯ ಕಡ್ಡಿ ಊರಿ ಎದ್ದು ನಿಂತಾಗ ಅವಳ ಮುಖ ಹಗುರವಾಗಿತ್ತು.

"ಇಷ್ಟೇ ಆದರೆ ಅಗೆದು ಮುಗಿಸಬಹುದು. ಹೂ ಉಳಿಯುತ್ತದೆ."

"ನನ್ನ ಹೆಸರು ಮಾತ್ರ ಹೇಳಬೇಡಿ," ಮಾಲತಿ ಅವಳ ಎರಡೂ ಕೈ ಹಿಡಿದುಕೊಂಡಳು. "ನಮ್ಮ ಪರ್ಮಿಟ್ ಇನ್ನೂ ಬಂದಿಲ್ಲ. ನೀವೇ ಪತ್ತೆ ಮಾಡಿದಿರಿ ಅಂತ ಹೇಳಿಬಿಡಿ. ದಮ್ಮಯ್ಯ."

ಗುನಿಲ್ಲಾ ಮೆಲ್ಲಗೆ, ನೋವಾಗದಂತೆ, ತನ್ನ ಕೈ ಬಿಡಿಸಿಕೊಂಡಳು.

"ಇಲ್ಲ, ಮಾಲತಿ," ಎಂದಳು. "ನಾನು ಹಾಗೆ ಸುಳ್ಳು ಹೇಳುವುದಿಲ್ಲ. ಕೇಳಿದರೆ ನಿಮ್ಮ ಹೆಸರು ಹೇಳಬೇಕಾಗುತ್ತದೆ."