ಜೋಳದ ಚೀಲದ ಮೇಲಿನ ಸವಾರಿ

ಭೀಮರಾಯನಗುಡಿ ಕ್ಯಾಂಪಿನಿಂದ ಕಾಲುವೆ ಕಾಯಲು ಹೋಗುತ್ತಿದ್ದ ಹನ್ನೊಂದು ಜನರಲ್ಲಿ ಕುದುರೆ ಏರಿ ಹೋಗುತ್ತಿದ್ದವನು ಅಂಬ್ರಪ್ಪ ಒಬ್ಬನೇ. ಉಳಿದವರಿಗೆ ಸೈಕಲ್ ಇದ್ದವು. ಆದರೆ ಮಳೆ ಬಿದ್ದು ಎರೆಮಣ್ಣು ನೆನೆದರೆ ಸೈಕಲ್ಲು ಅವರನ್ನು ಹೊರುತ್ತಿರಲಿಲ್ಲ, ಅವರೇ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಬರುತ್ತಿದ್ದರು. ಅಂಬ್ರಪ್ಪ ಮಾತ್ರ ತನ್ನ ಪಾಲಿನ ಹದಿನಾಲ್ಕು ಕಿಲೋಮೀಟರ್ ಕಾಲುವೆಯ ಏರಿಯನ್ನು ಮೈನಾಳ ಬೆನ್ನ ಮೇಲೆ ಕೂತು ಮಧ್ಯಾಹ್ನದೊಳಗೆ ನೋಡಿ ಮುಗಿಸುತ್ತಿದ್ದ. ಎಲ್ಲಿ ಒಡ್ಡು ಜಿನುಗುತ್ತಿದೆ, ಎಲ್ಲಿ ಯಾರು ಕದ್ದು ಪೈಪು ಇಳಿಬಿಟ್ಟಿದ್ದಾರೆ, ಎಲ್ಲ ಅವನಿಗೆ ಕುದುರೆಯ ಮೇಲಿನಿಂದಲೇ ಕಾಣುತ್ತಿತ್ತು.

ಮೈನಾ ಕಂದುಬಣ್ಣದ ಹೆಣ್ಣುಕುದುರೆ. ಯಾದಗಿರಿ ಸ್ಟೇಷನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದ ನಸೀರುದ್ದೀನ ಚಾಚಾನ ಲಾಯದಲ್ಲಿ ಹುಟ್ಟಿದ್ದು. ಕಾಲುವೆ ಕೆಲಸ ಸಿಗುವ ಮೊದಲು ಅಂಬ್ರಪ್ಪ ಮೂರು ವರ್ಷ ಅವನ ಜೊತೆಗೆ ಟಾಂಗಾ ಹೊಡೆದಿದ್ದ, ಸವಾರಿಯನ್ನೂ ಅವನಿಂದಲೇ ಕಲಿತಿದ್ದ. ಆಟೋಗಳು ಬಂದು ಟಾಂಗಾ ನಿಂತುಹೋದಾಗ ಮುದುಕ ಮೈನಾಳ ಹಗ್ಗವನ್ನು ತಂದು ಇವನ ಕೈಗಿಟ್ಟ. "ಇದನ್ನ ನಿನಗ ಮಾರಾಕತ್ತಿಲ್ಲ ಬೇಟಾ, ಒಪ್ಪಸಾಕತ್ತೇನಿ," ಎಂದಿದ್ದ.

ಆ ವರ್ಷ ಶ್ರಾವಣದಲ್ಲಿ, ತೂಬಿನ ಗೇಟು ಇಳಿಸಿ ಮೆಟ್ಟಿಲಿಳಿಯುವಾಗ ಪಾಚಿಯ ಮೇಲೆ ಅಂಬ್ರಪ್ಪನ ಕಾಲು ಜಾರಿತು. ಎಡಗಾಲು ಕಬ್ಬಿಣದ ಸರಳುಗಳ ನಡುವೆ ಸಿಕ್ಕಿ, ಮೊಣಕಾಲ ಕೆಳಗಿನ ಎಲುಬು ಮುರಿಯಿತು. ಶಹಾಪುರದ ಡಾಕ್ಟರು ಪ್ಲಾಸ್ಟರು ಹಾಕಿ, ಆರು ವಾರ ಹೊಸ್ತಿಲು ದಾಟಬೇಡ, ಆಮೇಲೆ ಎರಡು ವಾರ ಕೋಲು ಹಿಡಿದು ನಡೆ ಎಂದರು.

ಅಂಬ್ರಪ್ಪನಿಗೆ ಕಾಲಿನ ನೋವಿಗಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ಅವನ ಹದಿನಾಲ್ಕು ಕಿಲೋಮೀಟರನ್ನು ಈಶಪ್ಪನಿಗೆ ಕೊಟ್ಟಿದ್ದರು. ಈಶಪ್ಪ ವಯಸ್ಸಿನಲ್ಲಿ ಚಿಕ್ಕವನು, ಆಗಷ್ಟೇ ಮೊಪೆಡ್ ಕೊಂಡಿದ್ದ. ಮಳೆ ಹಿಂದಾದ ಮೇಲೆ ಕುದುರೆ ಏಕೆ ಬೇಕು, ಮೊಪೆಡ್ ಸಾಕಲ್ಲ ಎಂದು ಆಫೀಸಿನ ಸಾಹೇಬರು ಅಂದರಂತೆ ಎಂಬ ಮಾತು ಕ್ಯಾಂಪಿನಲ್ಲಿ ಓಡಾಡಿ, ಅಂಬ್ರಪ್ಪನ ಕಿವಿಗೂ ಬಿತ್ತು. ಅವತ್ತೇ ಅವನು ನಿಶ್ಚಯ ಮಾಡಿದ: ಎಂಟು ವಾರ ಮುಗಿದ ಮರುದಿನ ತಾನು ಕುದುರೆಯ ಮೇಲಿರಬೇಕು. ಒಂದು ಕಾಲು ಸಣ್ಣಗಾಗಿ, ನಡು ಸಡಿಲಾಗಿ, ಮೂಟೆಯಂತೆ ಕೂತು ಹೋಗುವುದನ್ನು ಯಾರೂ ನೋಡಬಾರದು.

ಮರುದಿನ ಬೆಳಿಗ್ಗೆ ಹೆಂಡತಿ ಶೇಖಮ್ಮನನ್ನು ಕರೆದು, ಪಡಸಾಲೆಯ ಕಟ್ಟೆಯ ಮೇಲೆ ಅರೆತುಂಬಿದ ಜೋಳದ ಚೀಲ ಇಡಿಸಿದ. ಅದರ ಮೇಲೊಂದು ಕೌದಿ ಮಡಚಿ ಹಾಕಿಸಿದ. ಆಕೆಯ ಭುಜ ಹಿಡಿದು ಏರಿ, ಎರಡೂ ಕಡೆ ಕಾಲು ಇಳಿಬಿಟ್ಟು ಕೂತ.

"ಇದೇನ್ರಿ ಹುಡುಗಾಟ?" ಎಂದಳು ಶೇಖಮ್ಮ.

"ತೊಡಿ ಬಿಗಿ ತಪ್ಪಬಾರದು. ಚಾಚಾ ಮಳಿಗಾಲದಾಗ ನಮಗ ಹಿಂಗs ಮಾಡಸ್ತಿದ್ದ."

ದಿನವೂ ಬೆಳಿಗ್ಗೆ, ಸಂಜೆ ಅದೇ ಸವಾರಿ. ಚೀಲವನ್ನು ತೊಡೆಗಳಿಂದ ಒತ್ತಿ ಹಿಡಿದು ಐವತ್ತರವರೆಗೆ ಎಣಿಸುತ್ತಿದ್ದ, ಬಿಡುತ್ತಿದ್ದ, ಮತ್ತೆ ಒತ್ತುತ್ತಿದ್ದ. ಕೈಯಲ್ಲಿ ತುಂಬಿದ ತಂಬಿಗೆ ಹಿಡಿದು, ನೀರು ತುಳುಕದಂತೆ ನಡುವನ್ನು ಹಿಂದೆ ಮುಂದೆ ಆಡಿಸುತ್ತಿದ್ದ. ಕೆಳಗಿಳಿದ ಮೇಲೆ ಬಾಗಿಲ ಚೌಕಟ್ಟು ಹಿಡಿದು, ಬಲಗಾಲ ಬೆರಳನ್ನು ಹೊಸ್ತಿಲಿಗೆ ಊರಿ ಹಿಮ್ಮಡಿಯನ್ನು ಕೆಳಗಿಳಿಸುತ್ತಿದ್ದ, ಜೀನಿಗೆ ತೂಗುವ ರಿಕಾಪಿನಲ್ಲಿ ಕಾಲಿಟ್ಟಂತೆಯೇ. ಬೆವರು ಹರಿಯುತ್ತಿತ್ತು. ಮನಸ್ಸಿಗೆ ಹಿತವಾಗುತ್ತಿತ್ತು.

ಅವನು ಕೂತಲ್ಲಿಂದ ಅಂಗಳದ ಬೇವಿನ ಮರ ಕಾಣುತ್ತಿತ್ತು. ಅದರ ಕೆಳಗೆ ಮೈನಾ ಕಟ್ಟಿಹಾಕಿಸಿಕೊಂಡು ನಿಂತಿರುತ್ತಿದ್ದಳು. ಮೊದಲ ವಾರ ಬೆಳಗಾಗುತ್ತಲೇ ಕಿವಿ ನಿಮಿರಿಸಿ ಬಾಗಿಲ ಕಡೆ ನೋಡುವಳು, ಕೆನೆಯುವಳು, ಗೊರಸಿನಿಂದ ನೆಲ ಕೆರೆಯುವಳು. ಎರಡನೆಯ ವಾರದ ಹೊತ್ತಿಗೆ ಕೆನೆಯುವುದನ್ನು ಬಿಟ್ಟಳು. ಅಂಬ್ರಪ್ಪನಿಗೆ ಒಳಗೊಳಗೇ ಮುಜುಗರವಾಗುತ್ತಿತ್ತು. ಆ ಮುಜುಗರ ಕಳೆಯಲು ಅವನಿಗೆ ತಿಳಿದಿದ್ದು ಒಂದೇ ದಾರಿ.

"ಹುರುಳಿ ಎಷ್ಟು ಹಾಕಿದಿ?" ಎಂದು ಶೇಖಮ್ಮನನ್ನು ಕೇಳುತ್ತಿದ್ದ.

"ಅರ್ಧಾ ಸೇರು. ಕೆಲಸಿಲ್ಲದ ಪ್ರಾಣಿಗೆ ಎಷ್ಟಂತ ಹಾಕ್ಲಿ?"

"ನನ್ನ ಕಾಲು ಮುರದ್ರ ಅದರ ಹೊಟ್ಟಿ ಯಾಕ ಸುಡಬೇಕು? ದುಡಿಯೂ ದಿನ ಹಾಕಿದಂಗ ಎರಡ ಸೇರು ಹಾಕು. ಮ್ಯಾಲ ಗೋಧಿ ಬೂಸಾನೂ ಕಲಸು."

"ಒಂದೀಟು ತಿರುಗಾಡಿಸ್ಕೊಂಡರ ಬರ್ತೀನಿ, ಕಾಲುವಿ ತನಕ."

"ಬ್ಯಾಡ. ಅದು ಜಗ್ಗಿದ್ರ ನಿನ್ನ ಕೈಯಾಗ ನಿಲ್ಲಂಗಿಲ್ಲ."

ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಮೈನಾ ಶೇಖಮ್ಮನ ಸೆರಗನ್ನು ತುಟಿಯಲ್ಲಿ ಹಿಡಿದು ಹಿಂದೆ ಹಿಂದೆ ಬರುವಂಥ ಕುದುರೆ. ನಿಜ ಸಂಗತಿಯೆಂದರೆ, ಅಂಬ್ರಪ್ಪನಿಲ್ಲದೆಯೂ ಮೈನಾ ಏರಿಯ ಮೇಲೆ ನಡೆಯುತ್ತಾಳೆ ಎನ್ನುವುದನ್ನು ಜನ ನೋಡುವುದು ಅವನಿಗೆ ಬೇಕಿರಲಿಲ್ಲ.

ನಾಲ್ಕನೆಯ ವಾರ ಈಶಪ್ಪ ಮನೆಗೆ ಬಂದ. ಚಹಾ ಕುಡಿದು, ಏರಿಯ ಸುದ್ದಿ ಹೇಳಿ, ಹೊರಡುವಾಗ ಬೇವಿನ ಮರದ ಕಡೆ ನೋಡಿದ.

"ಅಣ್ಣಾ, ಮೈನಾ ಭಾಳ ದಪ್ಪ ಆಗ್ಯಾಳ. ಸಂಜಿಮುಂದ ನಾ ಹೆಂಗೂ ಖಾಲಿ ಇರ್ತೀನಿ. ಹಗ್ಗಾ ಹಿಡಕೊಂಡು ಎರಡ ಮೈಲು ನಡಸ್ಕೊಂಡು ಬರ್ಲೇನು?"

ಅಂಬ್ರಪ್ಪ ಅವನ ಮುಖ ನೋಡಿದ. ಏರಿಯ ಕೆಲಸ ಹೋಯಿತು, ಈಗ ಕುದುರೆಯ ಮೇಲೂ ಕಣ್ಣು ಬಿತ್ತೇ ಎನ್ನಿಸಿತು.

"ನಿನ್ನ ಮೊಪೆಡ್ ನೀ ನೋಡ್ಕೊ ಈಶಪ್ಪ," ಎಂದ. "ನನ್ನ ಕುದುರಿ ನಾ ನೋಡ್ಕೋತೀನಿ."

ಈಶಪ್ಪ ಚಪ್ಪಲಿ ಮೆಟ್ಟಿಕೊಂಡು ಹೋದ. ಶೇಖಮ್ಮ ಚಹಾದ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋಗಿ ಸಪ್ಪಳವಾಗುವಂತೆ ಕುಕ್ಕಿದಳು.

ಪ್ಲಾಸ್ಟರು ಬಿಚ್ಚಿದ ದಿನ ಡಾಕ್ಟರು ಅವನ ತೊಡೆ ಹಿಸುಕಿ ನೋಡಿ ಬೆರಗಾದರು. ಉಳಿದವರ ಕಾಲು ಈ ಹೊತ್ತಿಗೆ ಜೋಳದ ದಂಟಿನಂತಾಗಿರುತ್ತದೆ, ನಿನ್ನದು ಹೇಗೆ ಗಟ್ಟಿ ಉಳಿಯಿತು ಎಂದು ಕೇಳಿದರು. ಅಂಬ್ರಪ್ಪ ಜೋಳದ ಚೀಲದ ಕಥೆಯನ್ನು ಹಿಗ್ಗಿನಿಂದ ಹೇಳಿದ. ಬಸ್ಸಿನಲ್ಲಿ ವಾಪಸು ಬರುವಾಗ ಪಕ್ಕದಲ್ಲಿ ಕೂತವರಿಗೂ ಹೇಳಿದ.

ದಸರೆ ಮುಗಿದು ನಾಲ್ಕನೆಯ ದಿನ, ಇನ್ನೂ ಬಿಸಿಲೇರಿರಲಿಲ್ಲ, ಅಂಬ್ರಪ್ಪ ಮೈನಾಳಿಗೆ ಜೀನು ಬಿಗಿದ. ಹೊಟ್ಟೆಯ ಪಟ್ಟಿ ಹಿಂದಿನ ತೂತಿಗೆ ಬರಲೇ ಇಲ್ಲ, ಎರಡು ತೂತು ಸಡಿಲು ಬಿಡಬೇಕಾಯಿತು. ಅದನ್ನು ಅವನು ಗಮನಿಸಿದ, ಆದರೆ ಅಲ್ಲಿ ಮನಸ್ಸು ನಿಲ್ಲಲಿಲ್ಲ. ಏರಿ ಕೂತ. ತೊಡೆ ಬಿಗಿಯಿತು, ನಡು ನೆಟ್ಟಗಾಯಿತು, ಎಡಗಾಲು ಒಂದಿಷ್ಟೂ ನಡುಗಲಿಲ್ಲ. ಕಾಲುವೆಯ ಏರಿ ಹತ್ತುತ್ತಲೇ ಮೈನಾ ತಾನಾಗಿಯೇ ಓಟಕ್ಕೆ ಬಿದ್ದಳು. ಎರಡೂ ಕಡೆ ಭತ್ತ ತೆನೆಗಟ್ಟಿತ್ತು. ಗದ್ದೆಯಲ್ಲಿದ್ದ ಹೆಂಗಸರು ಬೆನ್ನೆತ್ತಿ ನೋಡಿದರು. ಅಂಬ್ರಪ್ಪ ಲಗಾಮು ಸಡಿಲು ಬಿಟ್ಟ.

ಎರಡನೆಯ ಕಿಲೋಮೀಟರಿನ ಕಲ್ಲು ದಾಟಿದ ಮೇಲೆ ಅವಳ ಹೆಜ್ಜೆ ಗಿಡ್ಡವಾಯಿತು. ಮೈಗಳ್ಳತನ ಹತ್ತಿದೆ ಎಂದುಕೊಂಡ ಅಂಬ್ರಪ್ಪ, ಎರಡು ತಿಂಗಳು ಜೋಪಾನ ಮಾಡಿದ ಆ ಕಾಲಿನಿಂದಲೇ ಅವಳ ಪಕ್ಕೆಗೆ ಒದ್ದ. ಮೈನಾ ಮುಂದೆ ಹೋದಳು. ಮತ್ತೆ ನಿಧಾನವಾದಳು. ಮತ್ತೆ ಒದ್ದ. ಇನ್ನಷ್ಟು ದೂರ ಹೋಗಿ ಅವಳು ನಿಂತೇಬಿಟ್ಟಳು. ಮೈಯೆಲ್ಲ ಬೆವರಿ ನೊರೆ ಬಂದಿತ್ತು. ಹಿಂಗಾಲುಗಳು ಕಂಬದಂತೆ ಸೆಟೆದುಕೊಂಡಿದ್ದವು. ಮೂಗಿನ ಹೊಳ್ಳೆ ಅರಳಿಸಿ, ಕುತ್ತಿಗೆ ತಿರುಗಿಸಿ ತನ್ನ ಬೆನ್ನಿನ ಕಡೆಯೇ ನೋಡುತ್ತಿದ್ದಳು.

ಅಂಬ್ರಪ್ಪ ಕೆಳಗಿಳಿದ. ಅಷ್ಟರಲ್ಲಿ ಹಿಂದಿನಿಂದ ಈಶಪ್ಪನ ಮೊಪೆಡ್ ಬಂತು. ಅವನು ಒಮ್ಮೆ ನೋಡಿ, "ಡಾಕ್ಟರ್‌ನ ಕರಕೊಂಡ ಬರ್ತೀನಿ ತಡಿ ಅಣ್ಣಾ," ಎಂದು ತಿರುಗಿಸಿಕೊಂಡು ಹೋದ. ಮುಕ್ಕಾಲು ಗಂಟೆಯಲ್ಲಿ ಪಶುವೈದ್ಯ ಮಹಾದೇವಪ್ಪನವರನ್ನು ಹಿಂದೆ ಕೂರಿಸಿಕೊಂಡು ಬಂದ.

ಮಹಾದೇವಪ್ಪನವರು ಮೈನಾಳ ಹೊಟ್ಟೆಗೆ ಕಿವಿಯಿಟ್ಟು ಕೇಳಿದರು. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು.

"ಇದು ಕೆಲಸಿಲ್ದ ನಿಂತು ಎಷ್ಟ ದಿನ ಆತು?" ಎಂದು ಕೇಳಿದರು.

ಅಂಬ್ರಪ್ಪ ಬಾಯಿ ತೆರೆದ. ಗದ್ದೆಯ ಹೆಂಗಸರು ಏರಿಯ ಬುಡಕ್ಕೆ ಬಂದು ನಿಂತಿದ್ದರು. ಈಶಪ್ಪ ಪಕ್ಕದಲ್ಲೇ ಇದ್ದ.

"ಎರಡ ದಿನ ಆಗಿರಬೇಕ್ರಿ ಸಾಹೇಬ್ರ. ದಿನಾ ತಿರುಗಾಡಿಸ್ತಿದ್ವಿ."

"ಕಾಳು?"

"ಬರೇ ಹುಲ್ಲರಿ. ಕಾಳು ಒಂದ ಮುಷ್ಟಿ."

ಈಶಪ್ಪ ತಲೆಯೆತ್ತಿ ಅವನನ್ನು ನೋಡಿದ. ಆಮೇಲೆ ಕಾಲುವೆಯ ನೀರಿನ ಕಡೆ ಮುಖ ತಿರುಗಿಸಿದ.

"ಹಂಗಿದ್ರ ಹೊಟ್ಟಿಶೂಲಿ ಇರಬೇಕು," ಎಂದರು ವೈದ್ಯರು. "ನೆಲಕ್ಕ ಬೀಳಾಕ ಬಿಡಬ್ಯಾಡ. ಸಾವಕಾಶ ನಡಸು, ನೋಡೋಣು."

ಅಂಬ್ರಪ್ಪ ಲಗಾಮು ಹಿಡಿದು ಎಳೆದ. ಮೈನಾ ಬರಲಾರೆ ಎಂಬಂತೆ ಕತ್ತನ್ನು ಚಾಚಿದಳು. ಮತ್ತೆ ಎಳೆದ. ಅವಳು ಒಂದು ಹೆಜ್ಜೆ ಇಟ್ಟಳು, ನರಳಿದಳು, ಇನ್ನೊಂದು ಇಟ್ಟಳು. ಅವನು ಕರೆದನೆಂಬ ಒಂದೇ ಕಾರಣಕ್ಕೆ ಅವಳು ಆ ಹೆಜ್ಜೆಗಳನ್ನು ಇಡುತ್ತಿದ್ದಾಳೆ ಎಂಬುದು ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಇಪ್ಪತ್ತು ಹೆಜ್ಜೆಯಾಗುವಷ್ಟರಲ್ಲಿ ಹಿಂಗಾಲು ಕುಸಿದು ಮೈನಾ ಬಿದ್ದಳು. ಬಿದ್ದಲ್ಲೇ ಉಚ್ಚೆ ಹೊಯ್ದಳು. ಅದು ಚಹಾದ ಡಿಕಾಕ್ಷನ್ನಿನಂತೆ ಕಪ್ಪಗಿತ್ತು.

ಅಂಬ್ರಪ್ಪ ಲಗಾಮು ಬಿಟ್ಟ.

"ಸಾಹೇಬ್ರ, ನಾ ಸುಳ್ಳು ಹೇಳಿದ್ನಿ," ಎಂದ. "ಎರಡ ದಿನ ಅಲ್ರಿ, ಎರಡ ತಿಂಗಳಾತು. ಒಂದ ದಿನಾನೂ ಬಿಚ್ಚಿಲ್ಲ. ದಿನಾ ಎರಡ ಸೇರು ಹುರುಳಿ ಹಾಕಸೀನಿ, ಬೂಸಾ ಬ್ಯಾರೆ. ಇವತ್ತ ಓಡಿಸೀನಿ. ನಿಂತಾಗ ಒದ್ದೀನಿ."

ಮಹಾದೇವಪ್ಪನವರು ಬೈಯಲಿಲ್ಲ. ಬಗ್ಗಿ ಮೈನಾಳ ತೊಡೆ, ಸೊಂಟ ಮುಟ್ಟಿ ನೋಡಿದರು. ಅಂಬ್ರಪ್ಪನ ಕೈಯನ್ನೂ ಹಿಡಿದು ಅಲ್ಲಿಟ್ಟರು. ಸ್ನಾಯು ಕಲ್ಲಾಗಿತ್ತು.

"ನಿಂತ ಕುದುರಿಗೆ ದುಡಿಯೂ ಕುದುರಿಗೆ ಹಾಕೂವಷ್ಟು ಕಾಳು ಹಾಕಿದ್ರ ಹಿಂಗ ಆಗ್ತದ," ಎಂದರು. "ಒಮ್ಮಿಗೇ ಓಡಿಸಿದ್ರ ಮಾಂಸ ಒಳಗಿಂದ ಒಡೀತದ. ಇದಕ್ಕ ಒಂದ ಹೆಜ್ಜಿನೂ ನಡಸಬಾರದಿತ್ತು. ಮೊದಲs ಹೇಳಿದ್ರ ನಡಸು ಅಂತಿದ್ದಿಲ್ಲ ನಾ."

ಅಷ್ಟೇ ಅಂದು ಚೀಲ ಬಿಚ್ಚಿ ಸೂಜಿ ತೆಗೆದರು.

ಮೈನಾಳನ್ನು ಅಲ್ಲಿಂದ ಕದಲಿಸುವಂತಿರಲಿಲ್ಲ. ಈಶಪ್ಪ ಊರಿಗೆ ಹೋಗಿ ತಾಡಪತ್ರಿ, ಬಿದಿರು ತಂದು ಅವಳ ಮೇಲೆ ನೆರಳು ಕಟ್ಟಿದ. ಶೇಖಮ್ಮ ಕೌದಿಗಳನ್ನು ಹೊತ್ತು ಬಂದು ಸೊಂಟಕ್ಕೆ ಹೊದಿಸಿದಳು, ಕೊಡದಲ್ಲಿ ನೀರು ತಂದು ಬೊಗಸೆಯಿಂದ ಕುಡಿಸಿದಳು. ಮೂರು ದಿನ ಸಲಾಯಿನ್ ಏರಿತು. ಗಂಡ ಹೆಂಡತಿ ಏರಿಯ ಮೇಲೆಯೇ ಉಂಡರು, ಅಲ್ಲೇ ಮಲಗಿದರು. ಶೇಖಮ್ಮ ಒಂದೇ ಒಂದು ಸಲ ಕೇಳಿದಳು: "ಅರ್ಧಾ ಸೇರು ಸಾಕು ಅಂದಿದ್ದೆ ಅಲ್ರಿ?" ಅಂಬ್ರಪ್ಪ ಹೌದೆಂದು ತಲೆಯಾಡಿಸಿದ.

ನಾಲ್ಕನೆಯ ದಿನ ಮೈನಾ ಎದ್ದು ನಿಂತಳು. ಜೀವ ಉಳಿಯಿತು. ಆದರೆ ತಿಂಗಳೊಪ್ಪತ್ತಿನಲ್ಲಿ ಎಡ ಸೊಂಟದ ಮಾಂಸ ಇಳಿದು, ಅಲ್ಲೊಂದು ತಗ್ಗು ಬಿತ್ತು. ನಡೆಯಬಲ್ಲಳು, ಮೇಯಬಲ್ಲಳು, ಇನ್ನು ಯಾರನ್ನೂ ಹೊರಲಾರಳು ಎಂದರು ಮಹಾದೇವಪ್ಪನವರು.

ಈ ಸುದ್ದಿಯನ್ನು ನಸೀರುದ್ದೀನ ಚಾಚಾನಿಗೆ ಹೇಳಬೇಕಿತ್ತು. ಅಂಬ್ರಪ್ಪ ಎರಡು ಸಲ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ತಿರುಗಿ ಬಂದ. ಮೂರನೆಯ ಸಲ ಬಸ್ಸು ಹತ್ತಿದ. ಯಾದಗಿರಿಯ ಕೋಟೆಯ ಕೆಳಗಿನ ಗಲ್ಲಿಯಲ್ಲಿ ಮುದುಕ ಹೊರಸಿನ ಮೇಲೆ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ಕಣ್ಣು ಮಂಜಾಗಿತ್ತು, ಧ್ವನಿಯಿಂದ ಗುರುತು ಹಿಡಿದ. ಅಂಬ್ರಪ್ಪ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ. ಹುರುಳಿಯನ್ನೂ, ಈಶಪ್ಪನನ್ನು ಬೈದು ಕಳಿಸಿದ್ದನ್ನೂ, ಒದ್ದಿದ್ದನ್ನೂ, ವೈದ್ಯರ ಮುಂದೆ ಸುಳ್ಳು ಹೇಳಿ ನಡೆಸಿದ ಇಪ್ಪತ್ತು ಹೆಜ್ಜೆಯನ್ನೂ.

ಮುದುಕ ಹೊರಸಿನಿಂದ ಕಾಲು ಕೆಳಗಿಳಿಸಿದ.

"ಚೀಲದ ಮ್ಯಾಲ ದಿನಾ ಕೂಡ್ತಿದ್ಯಾ?" ಎಂದು ಕೇಳಿದ.

"ಒಂದ ದಿನಾನೂ ತಪ್ಪಿಸಿಲ್ಲ ಚಾಚಾ."

"ಮಳಿಗಾಲದಾಗ ನಿಮ್ಮನ್ನ ಚೀಲದ ಮ್ಯಾಲ ಕೂಡ್ರಿಸಿ, ನಾ ಕುದುರಿಗೋಳನ್ನ ಹೊರಗ ನಡಸಾಕ ಹೋಗ್ತಿದ್ದೆ. ಅವಕ್ಕ ಹಾಕೂ ಕಾಳಿನ ದಾಣಿ ಅರ್ಧಕ್ಕ ಇಳಸ್ತಿದ್ದೆ. ನಿಮಗ ಹೇಳಬೇಕಂತ ಹೊಳೀಲಿಲ್ಲ. ಅರ್ಧಾ ಕಲಿಸಿ ಕಳಿಸಿದೆ ನಿನ್ನ. ತಪ್ಪು ನಂದೂ ಅದ ಬೇಟಾ."

ಅಂಬ್ರಪ್ಪ ಬೈಗಳಿಗೆ ಸಿದ್ಧನಾಗಿ ಬಂದಿದ್ದ. ಕೆನ್ನೆಗೆ ಹೊಡೆದರೂ ತಾಳಿಕೊಳ್ಳುತ್ತಿದ್ದ. ಎಂಬತ್ತರ ಮುದುಕ ತನ್ನ ತಪ್ಪಿನಲ್ಲಿ ಪಾಲು ಕೇಳುವುದನ್ನು ಮಾತ್ರ ಅವನಿಂದ ತಾಳಲಾಗಲಿಲ್ಲ. "ಇಲ್ಲ ಚಾಚಾ, ಶೇಖಮ್ಮ ಹೇಳಿದ್ಲು, ಈಶಪ್ಪ ಹೇಳಿದ. ಕೇಳದಿದ್ದವ ನಾನು," ಎಂದ. ಮುದುಕ ಅವನ ತಲೆಯ ಮೇಲೆ ಕೈಯಿಟ್ಟ. ಆ ಕೈ ಅಂಬ್ರಪ್ಪನಿಗೆ ಹಗುರಾಗಲೇ ಇಲ್ಲ.

ಮರುದಿನ ಅವನು ಆಫೀಸಿಗೆ ಹೋಗಿ, ಏರಿಯ ಕೆಲಸ ಈಶಪ್ಪನಿಗೇ ಇರಲಿ, ತನ್ನನ್ನು ತೂಬಿನ ಗೇಟಿಗೆ ಹಾಕಿರಿ ಎಂದು ಬರೆದುಕೊಟ್ಟ. ಹೊರಗೆ ಈಶಪ್ಪ ಸಿಕ್ಕ. ಅಂಬ್ರಪ್ಪ ಅವನ ಮುಂದೆ ನಿಂತು, "ಅವತ್ತ ನೀ ಕೇಳಿದಾಗ ಹಗ್ಗಾ ಕೊಡಬೇಕಾಗಿತ್ತು," ಎಂದ. ಈಶಪ್ಪ, "ಆತ ಬಿಡಣ್ಣಾ," ಎಂದ.

ಈಗ ಅಂಬ್ರಪ್ಪ ದಿನವೂ ಬೆಳಿಗ್ಗೆ ಮೈನಾಳ ಹಗ್ಗ ಹಿಡಿದು ಏರಿಯ ಮೇಲೆ ಎರಡು ಮೈಲಿ ನಡೆಯುತ್ತಾನೆ. ಅವಳು ಎಡ ಹಿಂಗಾಲನ್ನು ಕೊಂಚ ಎಳೆದು ಹಾಕುತ್ತಾಳೆ, ಅವನು ಅದಕ್ಕೆ ತಕ್ಕಂತೆ ಹೆಜ್ಜೆ ನಿಧಾನ ಮಾಡುತ್ತಾನೆ. ಕುದುರೆಯಿದ್ದೂ ಯಾಕೆ ನಡೆಯುತ್ತೀ ಎಂದು ಹಾದಿಹೋಕರು ಕೇಳುವುದುಂಟು. ಮೊದಮೊದಲು, ವಯಸ್ಸಾಗಿದೆ ಅದಕ್ಕೆ ಎನ್ನುತ್ತಿದ್ದ. ಹಾಗೆ ಹೇಳಿದ ದಿನವೆಲ್ಲ ಮೈನಾಳ ಕಣ್ಣು ತಪ್ಪಿಸಿ ನಡೆಯುತ್ತಿದ್ದ. ಮೊನ್ನೆ ಕೆಂಭಾವಿಯ ಸಂತೆಗೆ ಹೊರಟಿದ್ದ ಒಬ್ಬ ಹೆಣ್ಣುಮಗಳು ಬುಟ್ಟಿ ಇಳಿಸಿ ಕೂತು ಅದನ್ನೇ ಕೇಳಿದಳು.

"ನಾನs ಕೆಡಿಸೀನ್ರವ್ವಾ ಇದರ ಸೊಂಟ," ಎಂದ ಅಂಬ್ರಪ್ಪ.

ಆಕೆ ಕುದುರೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. "ಹೌದೇನು," ಎಂದಳು. ಬುಟ್ಟಿಯಿಂದ ಒಂದು ಗಜ್ಜರಿ ತೆಗೆದು ಮೈನಾಳ ಬಾಯಿಗಿಟ್ಟು, ಬುಟ್ಟಿ ಹೊತ್ತು ತನ್ನ ದಾರಿ ಹಿಡಿದಳು.